ಮುಷ್ಟಿಯ ಬಲ ಮುಂಗೈಯಲ್ಲಿ

1632ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಶಸ್ತ್ರವೈದ್ಯರ ಸಂಘ ಒಂದು ಶವಚ್ಛೇದನ ಏರ್ಪಡಿಸಿತ್ತು. ಮೇಜಿನ ಮೇಲಿದ್ದದ್ದು ಗಲ್ಲಿಗೇರಿಸಿದ ಕಳ್ಳನೊಬ್ಬನ ದೇಹ. ಪಾಠ ಮಾಡಿದವರು ಡಾ. ನಿಕೋಲಾಸ್ ಟಲ್ಪ್. ಆ ದೃಶ್ಯವನ್ನು ಬಣ್ಣದಲ್ಲಿ ಹಿಡಿದವನು ಆಗಿನ್ನೂ ಇಪ್ಪತ್ತೈದು ವರ್ಷದ ರೆಂಬ್ರಾಂಟ್. ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿ ಇವತ್ತಿಗೂ ಇರುವ ಆ ಚಿತ್ರದ ಮುಂದೆ ನಿಂತವರ ಕಣ್ಣು ಮೊದಲು ಹೋಗುವುದು ಕತ್ತು ಚಾಚಿ ನೋಡುತ್ತಿರುವ ಏಳು ಜನರ ಮುಖಗಳ ಕಡೆಗೆ. ಆದರೆ ಆ ಚಿತ್ರದ ನಿಜವಾದ ಪಾಠ ಇರುವುದು ಟಲ್ಪ್ ಅವರ ಎರಡು ಕೈಗಳಲ್ಲಿ. ಬಲಗೈಯ ಚಿಮಟ ಶವದ ಎಡ ಮುಂಗೈಯಿಂದ ಒಂದು ಸ್ನಾಯುವನ್ನು ಮೇಲಕ್ಕೆತ್ತಿ ಹಿಡಿದಿದೆ. ಎಡಗೈ ಗಾಳಿಯಲ್ಲಿ ನಿಂತಿದೆ, ಅದರ ಬೆರಳುಗಳು ಅರ್ಧ ಮಡಚಿಕೊಂಡಿವೆ. ‘ನಾನು ಎತ್ತಿ ಹಿಡಿದಿರುವ ಈ ಸ್ನಾಯು ಮಾಡುವ ಕೆಲಸ ಇದು’ ಎಂದು ಅವರು ಬಾಯಲ್ಲಿ ಹೇಳದೆ ಕೈಯಲ್ಲಿ ತೋರಿಸುತ್ತಿದ್ದಾರೆ.

ಶವ ಕೊಳೆಯುತ್ತದೆಂದು ಆ ಕಾಲದಲ್ಲಿ ಮೊದಲು ಹೊಟ್ಟೆಯನ್ನು ತೆರೆಯುತ್ತಿದ್ದರು. ರೆಂಬ್ರಾಂಟನ ಚಿತ್ರದಲ್ಲಿ ಹೊಟ್ಟೆಗೆ ಕತ್ತಿ ತಾಕಿಯೇ ಇಲ್ಲ, ಮುಂಗೈ ಮಾತ್ರ ತೆರೆದಿದೆ. ಅದಕ್ಕೂ ಸುಮಾರು ತೊಂಬತ್ತು ವರ್ಷ ಮೊದಲು, 1543ರಲ್ಲಿ, ಅಂಗರಚನೆಯ ಮಹಾಗ್ರಂಥ ಬರೆದ ವೆಸೇಲಿಯಸ್ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ ಭಾವಚಿತ್ರದಲ್ಲೂ ಬೆರಳು ಮಡಿಸುವ ಸ್ನಾಯುಗಳನ್ನು ಬಿಡಿಸಿಟ್ಟ ಕೈಯನ್ನೇ ಹಿಡಿದು ನಿಂತಿದ್ದಾನೆ. ದೇಹದಲ್ಲಿ ತೋರಿಸಲು ಹೃದಯವಿತ್ತು, ಮಿದುಳಿತ್ತು. ಇವರು ಆರಿಸಿಕೊಂಡದ್ದು ಮುಂಗೈಯನ್ನು. ಯಾಕೆಂದು ತಿಳಿಯಲು ಶವಾಗಾರಕ್ಕೆ ಹೋಗಬೇಕಿಲ್ಲ.

ಈಗಲೇ ನಿಮ್ಮ ಎಡಗೈಯಿಂದ ಬಲಗೈಯ ಮುಂಗೈಯನ್ನು, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ಸುತ್ತಿ ಹಿಡಿದುಕೊಳ್ಳಿ. ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಿಸಿ. ಪ್ರತಿ ಬೆರಳಿಗೂ ಚರ್ಮದಡಿ ಬೇರೆ ಬೇರೆ ಜಾಗದಲ್ಲಿ ಏನೋ ಉಬ್ಬಿ ಇಳಿಯುವುದು ತಿಳಿಯುತ್ತದೆ. ಗಟ್ಟಿಯಾಗಿ ಮುಷ್ಟಿ ಕಟ್ಟಿದರೆ ಇಡೀ ಮುಂಗೈಯೇ ಕಲ್ಲಾಗುತ್ತದೆ. ಈಗ ಬೆರಳನ್ನೇ ಹಿಸುಕಿ ನೋಡಿ. ಚರ್ಮ, ಸ್ವಲ್ಪ ಕೊಬ್ಬು, ಒಳಗೆ ಮೂಳೆ. ಬೆರಳಿನೊಳಗೆ ಬೆರಳನ್ನು ಮಡಿಸುವ ಸ್ನಾಯು ಒಂದೂ ಇಲ್ಲ. ಬಲವೆಲ್ಲ ಮೇಲಿನಿಂದ, ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜುಗಳ ಮೂಲಕ ಬರುತ್ತದೆ. ಅಷ್ಟು ಮಾಂಸವೆಲ್ಲ ಬೆರಳಿಗೇ ತುಂಬಿಕೊಂಡಿದ್ದರೆ ನಮ್ಮ ಬೆರಳು ಸೂಜಿಗೆ ದಾರ ಪೋಣಿಸುವಷ್ಟು ಸಣ್ಣದಾಗಿರಲು ಸಾಧ್ಯವೇ ಇರುತ್ತಿರಲಿಲ್ಲ. ಕೀಲನ್ನು ಮಡಿಸುವ ಇಂಥ ಸ್ನಾಯುಗಳನ್ನು ವೈದ್ಯರು ಫ್ಲೆಕ್ಸರ್ ಎನ್ನುತ್ತಾರೆ. ಮಡಿಸಿದ್ದನ್ನು ನೆಟ್ಟಗೆ ಮಾಡುವುದು ಎಕ್ಸ್‌ಟೆನ್ಸರ್.

ಮುಂಗೈಯಲ್ಲಿ ಬೆರಳು ಮಡಿಸುವ ಸ್ನಾಯುಗಳು ಎರಡು ಪದರದಲ್ಲಿವೆ, ಒಂದು ಮೇಲೆ, ಇನ್ನೊಂದು ಆಳದಲ್ಲಿ. ಹೆಬ್ಬೆರಳು ಬಿಟ್ಟರೆ ಉಳಿದ ಪ್ರತಿ ಬೆರಳಿಗೂ ಎರಡು ಪದರದಿಂದಲೂ ಒಂದೊಂದು ರಜ್ಜು ಬರುತ್ತದೆ. ಮೇಲಿನ ರಜ್ಜು ಬೆರಳಿನ ನಡುವಿನ ಮೂಳೆಗೆ ಅಂಟಿಕೊಳ್ಳುತ್ತದೆ, ಆಳದ್ದು ತುದಿಯ ಮೂಳೆಯವರೆಗೂ ಹೋಗಬೇಕು. ಇಲ್ಲೊಂದು ತೊಡಕಿದೆ. ಮೇಲಿನದು ಮೊದಲೇ ಮೂಳೆಗೆ ಅಂಟಿದರೆ ಕೆಳಗಿನದಕ್ಕೆ ದಾರಿ ಎಲ್ಲಿ? ದೇಹ ಇದಕ್ಕೆ ಕಂಡುಕೊಂಡ ಪರಿಹಾರವನ್ನು ಪುಸ್ತಕದಲ್ಲಿ ಓದಿದ ಮೇಲೂ ಕಣ್ಣಾರೆ ಕಂಡಾಗ ವೈದ್ಯ ವಿದ್ಯಾರ್ಥಿಗಳು ಬೆರಗಾಗುತ್ತಾರೆ. ಬೆರಳಿನ ಬುಡದ ಮೂಳೆಯ ಮೇಲೆ ಬರುತ್ತಿದ್ದಂತೆ ಮೇಲಿನ ರಜ್ಜು ಎರಡಾಗಿ ಸೀಳುತ್ತದೆ. ಆ ಸೀಳಿನ ನಡುವಿನಿಂದ ಆಳದ ರಜ್ಜು ಹೊರಬಂದು ತುದಿಯತ್ತ ಸಾಗುತ್ತದೆ. ಎರಡನೆಯ ಶತಮಾನದ ವೈದ್ಯ ಗ್ಯಾಲೆನ್ ದೇಹದ ಭಾಗಗಳ ಉಪಯೋಗ ಕುರಿತ ತನ್ನ ದೊಡ್ಡ ಗ್ರಂಥವನ್ನು ಕೈಯಿಂದಲೇ ಶುರುಮಾಡಿದ್ದು, ಈ ರಜ್ಜುಗಳ ಏರ್ಪಾಟನ್ನು ಅಲ್ಲಿ ಹೊಗಳಿದ್ದು ಸುಮ್ಮನೆ ಅಲ್ಲ.

ಈ ಎರಡು ಪದರಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಬಹುದು. ಬಲಗೈಯನ್ನು ಅಂಗಾತ ಇಟ್ಟು, ತೋರುಬೆರಳು, ಉಂಗುರದ ಬೆರಳು, ಕಿರುಬೆರಳು ಮೂರನ್ನೂ ಎಡಗೈಯಿಂದ ನೆಟ್ಟಗೆ ಒತ್ತಿ ಹಿಡಿಯಿರಿ. ಈಗ ನಡುಬೆರಳನ್ನು ಮಡಿಸಿ. ನಡುಗೆಣ್ಣು ಬಾಗುತ್ತದೆ, ಆದರೆ ತುದಿಗೆಣ್ಣು ಮಾತ್ರ ನಿಶ್ಶಕ್ತವಾಗಿ ಜೋತಾಡುತ್ತದೆ, ಇನ್ನೊಂದು ಬೆರಳಲ್ಲಿ ತಟ್ಟಿದರೆ ಅಲ್ಲಾಡುತ್ತದೆ. ಆಳದ ಪದರದ ಸ್ನಾಯು ಬಹುಮಟ್ಟಿಗೆ ಒಂದೇ ಮುದ್ದೆ. ಮೂರು ಬೆರಳುಗಳನ್ನು ಹಿಡಿದಿಟ್ಟರೆ ನಾಲ್ಕನೆಯದನ್ನು ಅದು ಎಳೆಯಲಾರದು. ಆಗ ಕೆಲಸ ಮಾಡುವುದು ಮೇಲಿನ ಪದರ ಮಾತ್ರ. ಕೈಗೆ ಗಾಯವಾಗಿ ಬಂದವರಲ್ಲಿ ಯಾವ ರಜ್ಜು ತುಂಡಾಗಿದೆ ಎಂದು ವೈದ್ಯರು ನೋಡುವುದೂ ಹೀಗೆಯೇ. ಯಂತ್ರ ಬೇಡ, ಸ್ಕ್ಯಾನ್ ಬೇಡ.

ರಜ್ಜು ಎಳೆದರೆ ಬೆರಳು ಮಡಚಬೇಕು, ಸರಿ. ಆದರೆ ನೆಟ್ಟಗೆ ಎಳೆದ ಹಗ್ಗ ಬಾಗಿದ ಬೆರಳನ್ನು ಬಿಟ್ಟು ಮೇಲಕ್ಕೆ ಚಿಮ್ಮಬೇಕಿತ್ತಲ್ಲ? ಸೈಕಲ್ಲಿನ ಬ್ರೇಕ್ ವೈರನ್ನು ನೆನೆಸಿಕೊಳ್ಳಿ. ಹ್ಯಾಂಡಲ್ಲಿನಲ್ಲಿ ಹಿಸುಕಿದ ಬಲ ಬಾಗಿ ಬಳಸಿ ಚಕ್ರದ ಹತ್ತಿರ ತಲುಪುವುದು ವೈರಿನ ಮೇಲೊಂದು ಕವಚವಿದ್ದು, ಆ ಕವಚವನ್ನು ಅಲ್ಲಲ್ಲಿ ಕ್ಲಿಪ್ ಹಾಕಿ ಬಿಗಿದಿರುವುದರಿಂದ. ಬೆರಳಿನ ರಜ್ಜುವಿಗೂ ಜಾರುದ್ರವ ಸವರಿದ ಒಂದು ಕೊಳವೆಯಿದೆ. ಕೊಳವೆಯನ್ನು ಮೂಳೆಗೆ ಬಿಗಿಯುವ ಐದು ಗಟ್ಟಿ ಉಂಗುರಪಟ್ಟಿಗಳಿವೆ, ನಡುನಡುವೆ ಅಡ್ಡಪಟ್ಟಿಗಳೂ ಇವೆ. ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳನ್ನು ಹತ್ತುವವರು ಬೆರಳ ತುದಿಯನ್ನಷ್ಟೇ ಸಣ್ಣ ಅಂಚಿಗೆ ಸಿಕ್ಕಿಸಿ ಮೈಭಾರವನ್ನೆಲ್ಲ ಅದರ ಮೇಲೆ ಬಿಡುತ್ತಾರೆ. ಆಗ ಅತಿ ಹೆಚ್ಚು ಒತ್ತಡ ತಿನ್ನುವುದು ಬುಡದಿಂದ ಎರಡನೆಯ ಪಟ್ಟಿ. ಬಂಡೆ ಹತ್ತುವವರಲ್ಲಿ ಆ ಪಟ್ಟಿ ಕೆಲವೊಮ್ಮೆ ಕೇಳುವಂತೆ ಸದ್ದು ಮಾಡಿ ಹರಿಯುತ್ತದೆ, ರಜ್ಜು ಮೂಳೆಯಿಂದ ದೂರ ಸರಿದು ನಿಲ್ಲುತ್ತದೆ, ಬೆರಳಿನ ಹಿಡಿತ ಕುಗ್ಗುತ್ತದೆ.

ಬಂಡೆ ಹತ್ತದವರಿಗೂ ಪಟ್ಟಿಯ ಪರಿಚಯವಾಗುವುದುಂಟು. ಬೆಳಿಗ್ಗೆ ಎದ್ದಾಗ ಬೆರಳು ಮಡಚಿದಲ್ಲೇ ಸಿಕ್ಕಿಕೊಂಡು, ಬಿಡಿಸಲು ಹೋದರೆ ‘ಟಕ್’ ಎಂದು ನೆಟ್ಟಗಾಗುವ ತೊಂದರೆಯನ್ನು ನೀವು ಕೇಳಿರಬಹುದು. ಅಂಗೈಯ ಅಂಚಿನಲ್ಲಿರುವ ಮೊದಲ ಪಟ್ಟಿ ದಪ್ಪವಾಗಿ, ರಜ್ಜು ಅದರಡಿ ಜಾರಲಾರದೆ ತಡೆಯುವ ಸ್ಥಿತಿ ಅದು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಮಣಿಕಟ್ಟಿನಲ್ಲಿ ಇನ್ನೊಂದು ಇಕ್ಕಟ್ಟಿದೆ. ಅಲ್ಲಿ ಮೂಳೆಗಳ ಕಮಾನಿನ ಮೇಲೆ ಒಂದು ಗಟ್ಟಿ ಪಟ್ಟಿ ಹಾಸಿ ಆದ ಸುರಂಗದಲ್ಲಿ ಬೆರಳು ಮಡಿಸುವ ಒಂಬತ್ತು ರಜ್ಜುಗಳೂ ಒಂದು ನರವೂ ಒಟ್ಟಿಗೆ ಸಾಗುತ್ತವೆ. ನಾಲ್ಕು ಬೆರಳುಗಳಿಗೆ ಎರಡೆರಡು, ಹೆಬ್ಬೆರಳಿಗೆ ಒಂದು. ರಜ್ಜುಗಳ ಸುತ್ತಲ ಪೊರೆ ಊದಿಕೊಂಡರೆ ಮೊದಲು ನಲುಗುವುದು ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ನಡುರಾತ್ರಿ ಎದ್ದು ಕೈ ಕೊಡವುವವರು ಇದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿರಬಾರದು. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಮುಂಗೈ ಬಿಟ್ಟು ಮೇಲೆ ಬರೋಣ. ತೋಳು ಮಡಿಸಿ ಬಲ ತೋರಿಸು ಎಂದರೆ ಮಕ್ಕಳೂ ಬೈಸೆಪ್ಸ್ ಉಬ್ಬಿಸುತ್ತಾರೆ. ಮೊಣಕೈ ಮಡಿಸುವ ಕೀರ್ತಿಯೆಲ್ಲ ಅದಕ್ಕೇ ಹೋಗಿದೆ. ಆದರೆ ಬೈಸೆಪ್ಸ್‌ನ ಅಡಿಯಲ್ಲಿ, ಹೊರಗೆ ಕಾಣದಂತೆ, ಬ್ರೇಕಿಯಾಲಿಸ್ ಎಂಬ ಅಗಲವಾದ ಸ್ನಾಯುವೊಂದು ಮಲಗಿದೆ. 1950ರ ದಶಕದಲ್ಲಿ ಕೆನಡಾದ ಜಾನ್ ಬಸ್ಮಾಜಿಯನ್ ಸ್ನಾಯುಗಳೊಳಗೆ ಸೂಕ್ಷ್ಮ ವಿದ್ಯುದ್ವಾರಗಳನ್ನಿಟ್ಟು, ಯಾವ ಚಲನೆಗೆ ಯಾವ ಸ್ನಾಯು ಎಚ್ಚರಗೊಳ್ಳುತ್ತದೆಂದು ದಾಖಲಿಸಿದರು. ಅಂಗೈ ಮೇಲ್ಮುಖವಾಗಿರಲಿ, ಕೆಳಮುಖವಾಗಿರಲಿ, ಭಾರವಿರಲಿ, ಇಲ್ಲದಿರಲಿ, ಮೊಣಕೈ ಮಡಚಿದಾಗಲೆಲ್ಲ ಬ್ರೇಕಿಯಾಲಿಸ್ ದುಡಿಯುತ್ತಿತ್ತು. ಅಂಗೈ ಕೆಳಮುಖವಾಗಿದ್ದಾಗ ಬೈಸೆಪ್ಸ್ ಬಹುಪಾಲು ಹಿಂದೆ ಸರಿಯುತ್ತಿತ್ತು.

ಕಾರಣ ಎರಡೂ ಸ್ನಾಯುಗಳು ಅಂಟಿಕೊಂಡ ಜಾಗದಲ್ಲಿದೆ. ಮುಂಗೈಯ ಎರಡು ಮೂಳೆಗಳಲ್ಲಿ ಕಿರುಬೆರಳ ಕಡೆಯದು ಮೊಣಕೈಯಲ್ಲಿ ಬಾಗಿಲಿನಂತೆ ಮಡಚುತ್ತದೆಯೇ ಹೊರತು ತಿರುಗುವುದಿಲ್ಲ. ಬ್ರೇಕಿಯಾಲಿಸ್ ಅಂಟಿರುವುದು ಅದಕ್ಕೆ. ಬೈಸೆಪ್ಸ್ ಅಂಟಿರುವುದು ಹೆಬ್ಬೆರಳ ಕಡೆಯ, ತಿರುಗುವ ಮೂಳೆಗೆ. ಆದ್ದರಿಂದ ಅದು ಮೊಣಕೈ ಮಡಿಸುವುದರ ಜೊತೆಗೆ ಅಂಗೈಯನ್ನು ಮೇಲ್ಮುಖ ಮಾಡುವ ಕೆಲಸವನ್ನೂ ಹೊತ್ತಿದೆ. ಬಲಗೈಯ ಮೊಣಕೈ ಮಡಿಸಿ, ಎಡಗೈಯನ್ನು ಬೈಸೆಪ್ಸ್ ಮೇಲಿಟ್ಟು, ಸ್ಕ್ರೂಡ್ರೈವರ್ ತಿರುಗಿಸುವಂತೆ ಬಲಗೈ ತಿರುಗಿಸಿ ನೋಡಿ. ಮೊಣಕೈ ಒಂದಿಷ್ಟೂ ಅಲುಗದಿದ್ದರೂ ಬೈಸೆಪ್ಸ್ ಉಬ್ಬುತ್ತದೆ. ಮಾಮೂಲಿ ಸ್ಕ್ರೂವನ್ನು ಬಲಗೈಯವರು ಬಿಗಿಮಾಡುವುದು ಈ ದಿಕ್ಕಿಗೇ. ಈ ರಜ್ಜು ಹರಿದವರಲ್ಲಿ ಮೊಣಕೈ ಮಡಿಸುವ ಶಕ್ತಿಗಿಂತ ತಿರುಗಿಸುವ ಶಕ್ತಿಯೇ ಹೆಚ್ಚು ನಷ್ಟವಾಗುತ್ತದೆ.

ಮಡಿಸುವ ಸ್ನಾಯು ಎಷ್ಟು ಬಲ ಹಾಕುತ್ತದೆ ಎಂಬ ಲೆಕ್ಕವನ್ನು ಮೊದಲು ಸರಿಯಾಗಿ ಹಾಕಿದವರಲ್ಲಿ ಇಟಲಿಯ ಜೊವಾನಿ ಬೊರೆಲ್ಲಿ ಮುಖ್ಯನಾದವನು. ಅವನ ‘ಪ್ರಾಣಿಗಳ ಚಲನೆ’ ಕುರಿತ ಗ್ರಂಥ ಅವನು ತೀರಿಕೊಂಡ ಮೇಲೆ 1680–81ರಲ್ಲಿ ಹೊರಬಂತು. ದೊಡ್ಡ ಭಾರವನ್ನು ಸಣ್ಣ ಬಲದಿಂದ ಎತ್ತಲು ದೇಹ ಸನ್ನೆಕೋಲನ್ನು ಬಳಸುತ್ತದೆ ಎಂಬುದು ಆವರೆಗಿನ ನಂಬಿಕೆ. ಬೊರೆಲ್ಲಿ ಅದನ್ನು ತಲೆಕೆಳಗು ಮಾಡಿದ. ಮೊಣಕೈಯನ್ನು ಲಂಬಕೋನಕ್ಕೆ ಮಡಿಸಿ ಐದು ಲೀಟರ್ ನೀರಿನ ಕ್ಯಾನ್ ಹಿಡಿದಿದ್ದೀರಿ ಎಂದುಕೊಳ್ಳಿ. ಕ್ಯಾನು ಕೀಲಿನಿಂದ ಸುಮಾರು 35 ಸೆಂಟಿಮೀಟರ್ ದೂರದಲ್ಲಿದೆ. ಸ್ನಾಯು ಎಳೆಯುವ ಜಾಗ ಕೀಲಿನಿಂದ ಬರೀ 5 ಸೆಂಟಿಮೀಟರ್ ದೂರದಲ್ಲಿ. ಏಳು ಪಟ್ಟು ವ್ಯತ್ಯಾಸ. 5 ಕಿಲೋ ಹಿಡಿಯಲು ಸ್ನಾಯು 35 ಕಿಲೋ ಎತ್ತುವಷ್ಟು ಬಲ ಹಾಕಬೇಕು, ಮುಂಗೈಯ ಸ್ವಂತ ತೂಕ ಬೇರೆ. ಇದು ನಷ್ಟದ ವ್ಯಾಪಾರವಾಗಿ ಕಾಣುತ್ತದೆ, ಆದರೆ ಸ್ನಾಯು ಒಂದು ಸೆಂಟಿಮೀಟರ್ ಕುಗ್ಗಿದರೆ ಅಂಗೈ ಏಳು ಸೆಂಟಿಮೀಟರ್ ಚಲಿಸುತ್ತದೆ. ಬಲ ಕೊಟ್ಟು ವೇಗವನ್ನೂ ದೂರವನ್ನೂ ಪಡೆಯುವ ಏರ್ಪಾಟು ಇದು. ಕಲ್ಲೆಸೆಯುವ, ಕವಣೆ ಬೀಸುವ, ಮೃದಂಗ ನುಡಿಸುವ ಕೈಗೆ ಬೇಕಾದದ್ದು ಇದೇ.

ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಅದರ ಒಳರಚನೆಯೇ ಹಾಗಿದೆ. 1954ರಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧಗಳು ಒಟ್ಟಿಗೆ ಬಂದವು. ಒಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗೆರ್ಕೆ ಅವರದು, ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಅವರದು. ಹಕ್ಸ್‌ಲಿ ಇಬ್ಬರೂ ಬೇರೆ ಬೇರೆ, ಸಂಬಂಧಿಕರಲ್ಲ. ಇಬ್ಬರ ತೀರ್ಮಾನವೂ ಒಂದೇ ಆಗಿತ್ತು. ಸ್ನಾಯುವಿನ ಒಳಗಿನ ತಂತುಗಳು ಕುಗ್ಗುವುದಿಲ್ಲ, ತೆಳು ತಂತುಗಳು ದಪ್ಪ ತಂತುಗಳ ನಡುವೆ ಜಾರಿ ಒಳಗೆ ಸೇರಿಕೊಳ್ಳುತ್ತವೆ. ಈ ತಂತುಗಳು ಸೇರಿ ಆದ ಒಂದೊಂದು ಘಟಕದ ಉದ್ದ ಮಿಲಿಮೀಟರಿನ ನಾನೂರರಲ್ಲಿ ಒಂದು ಭಾಗದಷ್ಟು. ಜಾರಿದ ತಂತುಗಳು ತಾವಾಗಿ ಹಿಂದಕ್ಕೆ ತಳ್ಳಿಕೊಳ್ಳಲಾರವು. ಹೊರಗಿನಿಂದ ಇನ್ನೊಂದು ಸ್ನಾಯು ಎಳೆಯಬೇಕು. ಹೀಗಾಗಿ ಪ್ರತಿ ಮಡಿಸುವ ಸ್ನಾಯುವಿಗೂ ಎದುರು ದಿಕ್ಕಿನ ಜೊತೆಗಾರ ಬೇಕೇ ಬೇಕು.

ಎರಡೂ ಒಮ್ಮೆಗೇ ಎಳೆದರೆ ಕೀಲು ಕದಲುವುದಿಲ್ಲ. ಒಂದು ಎಳೆಯುವಾಗ ಇನ್ನೊಂದು ಸಡಿಲಬೇಕೆಂದು ಹೇಳುವವರು ಯಾರು? ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್‌ಟನ್ ವರ್ಷಗಟ್ಟಲೆ ದುಡಿದು ತೋರಿಸಿಕೊಟ್ಟದ್ದು ಇದನ್ನೇ. ಮಡಿಸುವ ಸ್ನಾಯುವಿಗೆ ‘ಎಳೆ’ ಎಂಬ ಆಜ್ಞೆ ಹೋಗುವಾಗಲೇ, ಬೆನ್ನುಹುರಿಯೊಳಗೆ, ನೆಟ್ಟಗೆ ಮಾಡುವ ಸ್ನಾಯುವಿನ ನರಕೋಶಗಳಿಗೆ ‘ಸುಮ್ಮನಿರು’ ಎಂಬ ಆಜ್ಞೆಯೂ ಹೋಗುತ್ತದೆ. ಬರಿಗಾಲಲ್ಲಿ ಮುಳ್ಳು ತುಳಿದಾಗ ನೋವು ತಿಳಿಯುವ ಮೊದಲೇ ಕಾಲು ಮಡಚಿ ಮೇಲೇಳುತ್ತದೆ, ಅದೇ ಕ್ಷಣ ಇನ್ನೊಂದು ಕಾಲು ನೆಟ್ಟಗೆ ಬಿಗಿದು ಮೈಭಾರ ಹೊರುತ್ತದೆ. ಈ ನಿರ್ಧಾರಕ್ಕೆ ಮಿದುಳು ಬೇಕಿಲ್ಲ. 1932ರ ನೊಬೆಲ್ ಪ್ರಶಸ್ತಿಯನ್ನು ಶೆರಿಂಗ್‌ಟನ್ ಎಡ್ಗರ್ ಏಡ್ರಿಯನ್ ಜೊತೆ ಹಂಚಿಕೊಂಡರು. ಪಾರ್ಶ್ವವಾಯು ಹೊಡೆದವರಲ್ಲಿ ಮಿದುಳಿನ ಹತೋಟಿ ತಪ್ಪಿದಾಗ ಸಾಮಾನ್ಯವಾಗಿ ಕೈಯಲ್ಲಿ ಮಡಿಸುವ ಸ್ನಾಯುಗಳದೇ ಮೇಲುಗೈಯಾಗುತ್ತದೆ. ಮೊಣಕೈ ಮಡಚಿ, ಮಣಿಕಟ್ಟು ಬಾಗಿ, ಬೆರಳುಗಳು ಅಂಗೈಯೊಳಗೆ ಸೇರುತ್ತವೆ. ಮನೆಯವರು ದಿನವೂ ಆ ಕೀಲುಗಳನ್ನು ಮೆಲ್ಲಗೆ ಬಿಡಿಸಿ ಚಾಚಬೇಕೆಂದು ಫಿಸಿಯೋಥೆರಪಿಯವರು ಒತ್ತಿ ಹೇಳುವುದು ಇದಕ್ಕೇ. ಬಿಟ್ಟರೆ ಸ್ನಾಯು ಆ ಗಿಡ್ಡ ಉದ್ದಕ್ಕೇ ಹೊಂದಿಕೊಂಡು ಗಟ್ಟಿಯಾಗುತ್ತದೆ.

ದೇಹದ ದೊಡ್ಡ ಫ್ಲೆಕ್ಸರ್‌ಗಳಲ್ಲಿ ಒಂದನ್ನು ಮುಟ್ಟಿ ನೋಡುವುದು ಸುಲಭವಲ್ಲ. ಸೊಂಟದ ಕೀಲನ್ನು ಮಡಿಸುವ ಸೋಅಸ್ ಸ್ನಾಯು ಬೆನ್ನುಮೂಳೆಯ ಕೆಳಭಾಗದ ಇಕ್ಕೆಲಗಳಲ್ಲಿ ಹುಟ್ಟಿ, ಕರುಳಿನ ಹಿಂದಿನಿಂದ ಇಳಿದು, ತೊಡೆಸಂದಿಯ ಮೂಲಕ ತೊಡೆಮೂಳೆಯ ಒಳಮಗ್ಗುಲಿಗೆ ಅಂಟುತ್ತದೆ. ಮೆಟ್ಟಿಲು ಹತ್ತಲು ತೊಡೆ ಎತ್ತುವುದು ಮುಖ್ಯವಾಗಿ ಇದೇ. ಬೆನ್ನುಮೂಳೆಗೆ ಕ್ಷಯ ತಗಲಿದಾಗ ಕೀವು ಈ ಸ್ನಾಯುವಿನ ಹೊದಿಕೆಯೊಳಗೇ ಜಾರುತ್ತ ಇಳಿದು ತೊಡೆಸಂದಿಯಲ್ಲಿ ಗಡ್ಡೆಯಾಗಿ ಕಾಣಿಸಿಕೊಳ್ಳಬಹುದು. ರೋಗ ಬೆನ್ನಿನಲ್ಲಿ, ಗಡ್ಡೆ ತೊಡೆಯಲ್ಲಿ. ಕ್ಷಯ ಇನ್ನೂ ಹೋಗದ ನಮ್ಮ ದೇಶದಲ್ಲಿ ಈ ದಾರಿಯನ್ನು ನೆನಪಿಟ್ಟುಕೊಂಡ ವೈದ್ಯರು ಎಷ್ಟೋ ಬೆನ್ನುಗಳನ್ನು ಉಳಿಸಿದ್ದಾರೆ.

ಮತ್ತೆ ಕೈಗೆ ಬರುತ್ತೇನೆ. ಇನ್ನೂ ಒಂದು ಪ್ರಯೋಗ ಬಾಕಿಯಿದೆ. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಾಗಿಸಿ, ಹಾಗೇ ಇಟ್ಟು, ಬಿಗಿಯಾಗಿ ಮುಷ್ಟಿ ಕಟ್ಟಲು ನೋಡಿ. ಆಗುವುದಿಲ್ಲ. ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಎತ್ತಿದ ಕೂಡಲೇ ಮುಷ್ಟಿಗೆ ಬಲ ಬರುತ್ತದೆ. ಮಣಿಕಟ್ಟು ಬಾಗಿದಾಗ ಬೆರಳು ಮಡಿಸುವ ಸ್ನಾಯುಗಳು ಆಗಲೇ ಗಿಡ್ಡವಾಗಿರುತ್ತವೆ, ಇನ್ನಷ್ಟು ಎಳೆಯಲು ಅವುಗಳಲ್ಲಿ ಉಳಿದಿರುವುದು ಕಡಿಮೆ. ಗಟ್ಟಿ ಹಿಡಿತಕ್ಕೆ ಮಣಿಕಟ್ಟನ್ನು ಹಿಂದಕ್ಕೆಳೆಯುವ ಸ್ನಾಯುಗಳ ಸಹಾಯ ಬೇಕು. ಈ ಸಣ್ಣ ಸಂಗತಿ ದಕ್ಷಿಣ ಭಾರತದಲ್ಲಿ ಸಾವಿರಾರು ಜನರ ಕೈಗಳನ್ನು ಮರಳಿ ಕೊಡಿಸಿತು.

ಆ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ, ಮಿಷನರಿ ದಂಪತಿಯ ಮಗನಾಗಿ. ಲಂಡನ್ನಿನಲ್ಲಿ ಶಸ್ತ್ರವೈದ್ಯ ಶಿಕ್ಷಣ ಮುಗಿಸಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಮರುವರ್ಷ ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಯನ್ನು ನೋಡಲು ಹೋದರು. ಅಲ್ಲಿನ ಮುಖ್ಯಸ್ಥರು ಚರ್ಮರೋಗ ತಜ್ಞ ರಾಬರ್ಟ್ ಕಾಕ್ರೇನ್. ಬೆರಳುಗಳು ಕೊಕ್ಕೆಯಾಗಿ ಸೆಟೆದ ರೋಗಿಗಳನ್ನು ಕಂಡ ಬ್ರ್ಯಾಂಡ್ ಇವರ ಕೈಗೆ ಏನು ಮಾಡುತ್ತೀರಿ ಎಂದು ಕೇಳಿದರು. ಮೂಳೆ ತಜ್ಞರು ನೀವು, ನೀವೇ ಹೇಳಬೇಕು ಎಂಬ ಅರ್ಥದ ಉತ್ತರ ಬಂತು. ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಲು ಆಗ ಹೆಚ್ಚುಕಡಿಮೆ ಯಾರೂ ಮುಂದೆ ಬಂದಿರಲಿಲ್ಲ. ಆ ಮಾಂಸ ಕೆಟ್ಟದ್ದು, ಗಾಯ ಮಾಯುವುದಿಲ್ಲ ಎಂದೇ ನಂಬಿಕೆ.

ಬ್ರ್ಯಾಂಡ್ ಒಬ್ಬ ರೋಗಿಯ ಕೊಕ್ಕೆ ಬೆರಳುಗಳ ನಡುವೆ ತಮ್ಮ ಕೈ ಇಟ್ಟು, ನಿನ್ನಿಂದಾದಷ್ಟು ಹಿಸುಕು ಎಂದರು. ಸೋತ ಕೈಯ ಮೆಲ್ಲನೆ ಸ್ಪರ್ಶವನ್ನು ನಿರೀಕ್ಷಿಸಿದ್ದವರಿಗೆ ನೋವಿನಿಂದ ಕೂಗುವಂತಾಯಿತು. ಉಗುರುಗಳು ಅವರ ಚರ್ಮದೊಳಗೆ ನಾಟಿದ್ದವು. ನಿರುಪಯೋಗಿ ಎಂದು ಎಲ್ಲರೂ ಕೈಬಿಟ್ಟಿದ್ದ ಆ ಕೈಯಲ್ಲಿ ಬಲವಾದ, ಜೀವಂತ ಸ್ನಾಯುಗಳಿದ್ದವು. ಹಾಗಾದರೆ ಬಲ ಕಳೆದುಕೊಂಡಿರುವುದು ಯಾವುದು?

ಉತ್ತರ ಸಿಕ್ಕಿದ್ದು ನರಗಳಲ್ಲಿ. ಕುಷ್ಠದ ಬ್ಯಾಕ್ಟೀರಿಯಾ ದೇಹದ ಒಳಗಿನ ಬಿಸಿಗಿಂತ ತಂಪಾದ ಜಾಗವನ್ನು ಬಯಸುತ್ತದೆ. ನರ ಚರ್ಮಕ್ಕೆ ಹತ್ತಿರವಾಗಿ ಹಾಯುವ ಕಡೆಗಳಲ್ಲಿ, ಅಂದರೆ ಮೊಣಕೈ ಬಳಿ, ಮಣಿಕಟ್ಟಿನ ತುಸು ಮೇಲೆ, ಅದು ನರವನ್ನು ಊದಿಸಿ ಕೆಡಿಸುತ್ತದೆ. ಮುಂಗೈಯ ಬೆರಳು ಮಡಿಸುವ ದೊಡ್ಡ ಸ್ನಾಯುಗಳಲ್ಲಿ ಹೆಚ್ಚಿನವಕ್ಕೆ ನರದ ಕವಲು ಮಣಿಕಟ್ಟಿಗಿಂತ ಎಷ್ಟೋ ಮೊದಲೇ ಸಿಕ್ಕಿಬಿಟ್ಟಿರುತ್ತದೆ. ಹಾಗಾಗಿ ಅವು ಉಳಿಯುತ್ತವೆ. ಸೋಲುವುದು ಅಂಗೈಯೊಳಗಿನ ಪುಟ್ಟ ಸ್ನಾಯುಗಳು. ಅವುಗಳ ಕೆಲಸ ಬೆರಳಿನ ಬುಡದ ಗೆಣ್ಣನ್ನು ಮಡಿಸಿ, ಮುಂದಿನ ಎರಡು ಗೆಣ್ಣುಗಳನ್ನು ನೆಟ್ಟಗಿಡುವುದು. ಪುಸ್ತಕ ಹಿಡಿಯುವಾಗ, ಅನ್ನ ಕಲಸಿ ತುತ್ತು ಮಾಡುವಾಗ ಕೈ ನಿಲ್ಲುವ ಭಂಗಿ ಅದು. ಈ ಪುಟ್ಟ ಸ್ನಾಯುಗಳು ಹೋದರೆ ಬುಡದ ಗೆಣ್ಣು ಹಿಂದಕ್ಕೆ ಬಾಗುತ್ತದೆ, ಮುಂಗೈಯ ಬಲಿಷ್ಠ ಸ್ನಾಯುಗಳು ತುದಿಗಳನ್ನಷ್ಟೇ ಒಳಕ್ಕೆ ಸುರುಳಿ ಸುತ್ತುತ್ತವೆ. ಅಂಥ ಕೈಯವರು ನೀರಿನ ಲೋಟ ಹಿಡಿಯಲು ಹೋದರೆ ಮೊದಲು ತುದಿ ಮಡಚಿ, ಉಗುರು ಲೋಟಕ್ಕೆ ತಾಗಿ, ಅದನ್ನು ಆಚೆಗೆ ನೂಕುತ್ತದೆ. ಬಲವಿದ್ದೂ ಹಿಡಿತವಿಲ್ಲ.

ಬಲ ಇದೆಯೆಂದಾದ ಮೇಲೆ ಉಳಿದದ್ದು ಅದಕ್ಕೆ ಬೇರೆ ದಾರಿ ಮಾಡಿಕೊಡುವುದು. ಒಂದು ಬೆರಳಿಗೆ ಎರಡು ರಜ್ಜುಗಳಿವೆಯಲ್ಲ, ಬ್ರ್ಯಾಂಡ್ ಮೊದಲಿಗೆ ಅವುಗಳಲ್ಲಿ ಮೇಲಿನದನ್ನು ಬಿಡಿಸಿಕೊಂಡರು. ಅದನ್ನು ಸೀಳಿ, ಬುಡದ ಗೆಣ್ಣಿನ ಅಂಗೈ ಕಡೆಯಿಂದ ಹಾಯಿಸಿ, ಬೆರಳಿನ ಬೆನ್ನಿನ ರಜ್ಜುವಿಗೆ ಹೊಲಿದರು. ಅಮೆರಿಕದ ಸ್ಟರ್ಲಿಂಗ್ ಬನೆಲ್ ಬಳಸುತ್ತಿದ್ದ ವಿಧಾನ ಅದು. ಬೆರಳು ನೆಟ್ಟಗಾಯಿತು, ಗಾಯವೂ ಮಾಯಿತು, ಕೆಟ್ಟ ಮಾಂಸದ ಮಾತು ಸುಳ್ಳಾಯಿತು. ಆದರೆ ಕೆಲವರಲ್ಲಿ ಆ ಸ್ನಾಯು ತೀರ ಬಲವಾಗಿ ಎಳೆದು ಬೆರಳು ಇನ್ನೊಂದು ದಿಕ್ಕಿಗೆ ಸೊಟ್ಟಗಾಗತೊಡಗಿತು. ಆಗ ಅವರು ಮಣಿಕಟ್ಟನ್ನು ಹಿಂದಕ್ಕೆ ಎಳೆಯುವ ಸ್ನಾಯುಗಳಲ್ಲಿ ಒಂದನ್ನು ಆರಿಸಿಕೊಂಡರು. ಅದರ ರಜ್ಜುವಿಗೆ ಬೇರೆ ರಜ್ಜುವಿನ ನಾಲ್ಕು ಎಳೆ ಜೋಡಿಸಿ ನಾಲ್ಕು ಬೆರಳಿಗೂ ಹಂಚಿದರು. ಈ ಆಯ್ಕೆಯ ಜಾಣತನವನ್ನು ನೋಡಿ. ಗಟ್ಟಿ ಹಿಡಿಯುವಾಗ ಆ ಸ್ನಾಯು ಮೊದಲಿನಿಂದಲೂ ಬೆರಳುಗಳ ಜೊತೆಯಲ್ಲೇ ದುಡಿಯುತ್ತಿತ್ತು, ಹೊಸ ಕೆಲಸ ಕಲಿಸುವುದು ಸುಲಭ. ಪ್ಲಾಸ್ಟರ್ ಬಿಚ್ಚಿದ ಮೇಲೆ ರೋಗಿಗೆ ಹೇಳಬೇಕಾದದ್ದು ಇಷ್ಟೇ: ಮಣಿಕಟ್ಟು ಎತ್ತಲು ಯತ್ನಿಸು. ಎತ್ತಲು ಹೋದಾಗ ಬುಡದ ಗೆಣ್ಣು ಮಡಚುತ್ತಿತ್ತು. ಕೆಲವು ವಾರಗಳ ಅಭ್ಯಾಸದಲ್ಲಿ ಮಿದುಳು ಹೊಸ ಲೆಕ್ಕ ಕಲಿಯುತ್ತಿತ್ತು.

ಕೈ ಸರಿಹೋದರೂ ಇನ್ನೊಂದು ಕಷ್ಟ ಉಳಿದಿತ್ತು. ತುಕ್ಕು ಹಿಡಿದ ಬೀಗವೊಂದನ್ನು ತೆರೆಯಲಾಗದೆ ಬ್ರ್ಯಾಂಡ್ ಒದ್ದಾಡುತ್ತಿದ್ದಾಗ ಒಬ್ಬ ಹುಡುಗ ಬಂದು ಕೀಲಿಯನ್ನು ಒಂದೇ ಸಲಕ್ಕೆ ತಿರುಗಿಸಿಬಿಟ್ಟ. ಅವನೂ ರೋಗಿ, ಸೊರಗಿದ ಮೈ. ಇವನಿಗೆ ಇಷ್ಟು ಬಲ ಎಲ್ಲಿಂದ ಬಂತೆಂದು ನೋಡಿದರೆ ನೆಲದ ಮೇಲೆ ರಕ್ತದ ಹನಿಗಳು. ಕೀಲಿ ಅವನ ಬೆರಳಿನ ಚರ್ಮವನ್ನು ಮೂಳೆ ಕಾಣುವಷ್ಟು ಸೀಳಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. ನಮ್ಮ ಮಡಿಸುವ ಸ್ನಾಯುಗಳು ನಮ್ಮದೇ ಬೆರಳನ್ನು ಹಾಳುಮಾಡುವಷ್ಟು ಬಲಶಾಲಿಗಳು. ನಾವು ಹಾಗೆ ಮಾಡಿಕೊಳ್ಳದಿರುವುದು ನೋವು ತಡೆಯುವುದರಿಂದ. ಕುಷ್ಠರೋಗಿಗಳ ಬೆರಳು ತಾವಾಗಿ ಉದುರುವುದಿಲ್ಲ, ಸ್ಪರ್ಶ ಇಲ್ಲದೆ ಆದ ಸುಟ್ಟ ಗಾಯ, ಕೊಯ್ದ ಗಾಯ, ಅವುಗಳ ಸೋಂಕು ಬೆರಳನ್ನು ತಿನ್ನುತ್ತವೆ ಎಂದು ಬ್ರ್ಯಾಂಡ್ ಜಗತ್ತಿಗೆ ತೋರಿಸಿಕೊಟ್ಟರು. ರಾತ್ರಿ ಮಲಗಿದ್ದಾಗ ಇಲಿ ಕಡಿದದ್ದೂ ಕೆಲವರಿಗೆ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಬೆಕ್ಕು ಸಾಕಲು ಕೊಟ್ಟರು. ಶಾಪವೆಂದು ಶತಮಾನಗಳಿಂದ ನಂಬಿದ್ದ ರೋಗವೊಂದರ ಅಂಗವೈಕಲ್ಯಕ್ಕೆ ಒಂದು ಮುಷ್ಟಿಯ ಹಿಸುಕಿನಿಂದ ವಿವರಣೆ ಶುರುವಾಯಿತು. ವೈದ್ಯಕೀಯದ ಇತಿಹಾಸದಲ್ಲಿ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಘಟನೆಗಳು ಕಡಿಮೆ.

ಬನೆಲ್ ಹೆಸರು ಬಂತು. ಅಂಗೈಯ ಮೇಲಿನ ಗೆರೆಯಿಂದ ಬೆರಳಿನ ನಡುವಿನವರೆಗೆ ಎರಡು ರಜ್ಜುಗಳೂ ಒಂದೇ ಬಿಗಿ ಕೊಳವೆಯಲ್ಲಿ ಸಾಗುವ ಜಾಗಕ್ಕೆ ಅವರು ‘ಯಾರಿಗೂ ಸೇರದ ನೆಲ’ ಎಂದು ಹೆಸರಿಟ್ಟಿದ್ದರು. ಅಲ್ಲಿ ರಜ್ಜು ತುಂಡಾದರೆ ಕೂಡಲೇ ಹೊಲಿಯಬೇಡಿ, ಚರ್ಮ ಮಾತ್ರ ಮುಚ್ಚಿ, ಮುಂದೆ ಬೇರೆ ಕಡೆಯ ರಜ್ಜು ತಂದು ಕಸಿ ಮಾಡಿ ಎಂಬುದು ಅವರ ಸಲಹೆ. ಹೊಲಿದ ರಜ್ಜು ಕೊಳವೆಗೆ ಅಂಟಿಕೊಂಡು ಬೆರಳು ಮರಗಟ್ಟುತ್ತಿತ್ತು. 1967ರಲ್ಲಿ ಅಮೆರಿಕದ ಲೂಯಿವಿಲ್ ನಗರದ ಹೆರಾಲ್ಡ್ ಕ್ಲೈನರ್ಟ್ ಅಲ್ಲಿಯೂ ಕೂಡಲೇ ಹೊಲಿದು ಒಳ್ಳೆಯ ಫಲ ಪಡೆದದ್ದನ್ನು ಮುಂದಿಟ್ಟರು. ಉಗುರಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಮಣಿಕಟ್ಟಿನ ಕಡೆಗೆ ಎಳೆದಿಡುವುದು ಅವರ ಉಪಾಯ. ರೋಗಿ ಬೆರಳನ್ನು ತಾನೇ ನೆಟ್ಟಗೆ ಮಾಡುತ್ತಾನೆ, ಮಡಿಸುವ ಕೆಲಸ ರಬ್ಬರಿನದು. ಹೊಲಿಗೆಗೆ ಭಾರ ಬೀಳುವುದಿಲ್ಲ, ರಜ್ಜು ಜಾರುತ್ತಲೇ ಇರುವುದರಿಂದ ಅಂಟುವುದೂ ಇಲ್ಲ. ಇವತ್ತು ಕೈ ಶಸ್ತ್ರಚಿಕಿತ್ಸಕರು ಅಂಥ ಗಾಯವನ್ನು ಆದಷ್ಟು ಬೇಗ ಹೊಲಿದು, ಕೆಲವೇ ದಿನಗಳಲ್ಲಿ ವ್ಯಾಯಾಮ ಶುರುಮಾಡಿಸುತ್ತಾರೆ.

ಈಳಿಗೆ ಮಣೆ, ಒಡೆದ ಗಾಜು, ಗಾಳಿಪಟದ ಮಾಂಜಾ ದಾರ, ಇವುಗಳಿಂದ ಬೆರಳಿನ ಅಂಗೈ ಕಡೆ ಕೊಯ್ದುಕೊಂಡರೆ ಗಾಯ ಎಷ್ಟೇ ಸಣ್ಣದಿರಲಿ, ರಕ್ತ ನಿಂತ ಮೇಲೆ ತುದಿಗೆಣ್ಣು ಮಡಚುತ್ತದೆಯೇ, ನಡುಗೆಣ್ಣು ಮಡಚುತ್ತದೆಯೇ ಎಂದು ನೋಡಿ. ಕೈ ಸಡಿಲ ಬಿಟ್ಟಾಗ ಉಳಿದ ಬೆರಳುಗಳು ತುಸು ಬಾಗಿದ್ದು ಒಂದೇ ಬೆರಳು ನೆಟ್ಟಗೆ ನಿಂತಿದ್ದರೆ ರಜ್ಜು ತುಂಡಾಗಿದೆ ಎಂದೇ ತಿಳಿದು ಅದೇ ದಿನ ಆಸ್ಪತ್ರೆಗೆ ಹೋಗಿ. ವಾರಗಳು ಕಳೆದರೆ ಸ್ನಾಯು ಮೇಲಕ್ಕೆ ಎಳೆದುಕೊಂಡು ಗಿಡ್ಡವಾಗುತ್ತದೆ, ಆಮೇಲೆ ಹೊಲಿಯುವುದು ಕಷ್ಟ. ಹಾಗೆಯೇ, ಯಾರದೇ ಮೈಮೇಲೆ ಮುಟ್ಟಿದರೆ ತಿಳಿಯದ ಬಿಳಚಿದ ಮಚ್ಚೆ ಇದ್ದರೆ, ಕಿರುಬೆರಳು, ಉಂಗುರದ ಬೆರಳು ಕಾರಣವಿಲ್ಲದೆ ಕೊಕ್ಕೆಯಾಗತೊಡಗಿದ್ದರೆ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಜಗತ್ತಿನಲ್ಲಿ ವರ್ಷವರ್ಷ ಪತ್ತೆಯಾಗುವ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇನ್ನೂ ನಮ್ಮ ದೇಶದವರೇ. ಔಷಧ ಉಚಿತ, ಆರು ತಿಂಗಳಿಂದ ಒಂದು ವರ್ಷದಲ್ಲಿ ರೋಗ ಪೂರ್ತಿ ವಾಸಿಯಾಗುತ್ತದೆ. ಬೇಗ ಹೋದರೆ ಸಾಮಾನ್ಯವಾಗಿ ಬೆರಳು ಮಡಚಿಕೊಳ್ಳುವುದಿಲ್ಲ, ಆಗಲೇ ಮಡಚಿದ್ದರೆ ಅದನ್ನು ಬಿಡಿಸುವ ಶಸ್ತ್ರಚಿಕಿತ್ಸೆಯೂ ಇದೆ.